ಋಣ ಯಾರದು?

ಅಮೆರಿಕದ ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ರಕ್ತದ ಕ್ಯಾನ್ಸರಿಗೆ ತುತ್ತಾದ ಒಬ್ಬ ಹೆಂಗಸಿನ ರೋಗಕೋಶದ ಜೀನುಗಳ ಲಿಪಿಯನ್ನೆಲ್ಲ ಓದಿ, ೨೦೦೮ರಲ್ಲಿ ಪ್ರಕಟಿಸಿದರು. ಕ್ಯಾನ್ಸರೊಂದರ ಪೂರ್ಣ ಲಿಪಿ ಮನುಷ್ಯನ ಕಣ್ಣಿಗೆ ಬಿದ್ದದ್ದು ಅದೇ ಮೊದಲು. ಆಕೆಯ ಚರ್ಮದ ಕೋಶದೊಡನೆ ಹೋಲಿಸಿದಾಗ ಹತ್ತು ಜೀನುಗಳಲ್ಲಿ ವ್ಯತ್ಯಾಸ ಕಂಡಿತು. ಅಷ್ಟು ಹೊತ್ತಿಗೆ ಆಕೆ ತೀರಿಕೊಂಡಿದ್ದಳು. ಹೆಸರೂ ಹೊರಬೀಳಲಿಲ್ಲ.

ಅಲ್ಲಿಯೇ ಈ ರೋಗದ ಜೀನುಗಳನ್ನು ಅಭ್ಯಸಿಸುತ್ತಿದ್ದ ವೈದ್ಯ ಲ್ಯೂಕಾಸ್ ವಾರ್ಟ್‌ಮನ್. ಆತನಿಗೂ ರಕ್ತದ ಕ್ಯಾನ್ಸರು. ೨೦೧೧ರಲ್ಲಿ ಅದು ಎರಡನೆಯ ಸಲ ಮರುಕಳಿಸಿತು. ಸಹೋದ್ಯೋಗಿಗಳು ಕೈಯಲ್ಲಿದ್ದ ಕೆಲಸವನ್ನು ಬದಿಗಿಟ್ಟು, ಯಂತ್ರಗಳನ್ನು ಹಗಲಿರುಳು ನಡೆಸಿದರು. ಒಂದು ಜೀನು ಮಿತಿಮೀರಿ ದುಡಿಯುತ್ತಿತ್ತು. ಅದನ್ನು ತಡೆಯಬಲ್ಲ ಔಷಧವೊಂದು ಮೂತ್ರಪಿಂಡದ ಕ್ಯಾನ್ಸರಿಗೆಂದು ಆಗಲೇ ಮಾರಾಟದಲ್ಲಿತ್ತು. ಕೆಲವೇ ವಾರಗಳಲ್ಲಿ ರೋಗ ಹಿಮ್ಮೆಟ್ಟಿತು.

ಇದು ಪಕ್ಷಪಾತವಲ್ಲವೆ? ಅದೇ ಊರಿನ ಮತ್ತೊಬ್ಬ ರೋಗಿಗಾಗಿ ಆ ಯಂತ್ರಗಳು ಹಾಗೆ ಓಡುತ್ತಿದ್ದವೆ? ಪ್ರಯೋಗವಾಯಿತು, ಲೋಕಕ್ಕೆ ಪಾಠವಾಯಿತು ಎಂಬ ಸಮಾಧಾನ ನನಗೇನೋ ಹಿಡಿಸದು. ಅವರು ದುಡಿದದ್ದು ಸ್ನೇಹಕ್ಕಾಗಿ; ಹಾಗೆಂದು ಹೇಳಿಬಿಡುವುದೇ ನೇರ. ಮುಳುಗುತ್ತಿರುವ ಗೆಳೆಯನನ್ನು ಕಂಡು, ಕೆರೆಯಲ್ಲಿ ಇನ್ನೆಷ್ಟು ಜನ ಮುಳುಗುತ್ತಿರುವರೆಂದು ಎಣಿಸುತ್ತ ದಡದಲ್ಲಿ ನಿಂತವನನ್ನು ನ್ಯಾಯವಂತನೆಂದು ಯಾರು ಕರೆದಾರು?

ಆದರೆ ಈಜು ಕಲಿತದ್ದು ಯಾರ ನೀರಿನಲ್ಲಿ? ಓದುವ ವಿದ್ಯೆ ಅವರ ಕೈಗೆ ಬಂದದ್ದು ಆ ಹೆಸರಿಲ್ಲದ ಹೆಂಗಸಿನಂಥವರ ರಕ್ತದಿಂದ, ಚರ್ಮದಿಂದ. ಸಾಲ ಕೊಟ್ಟವರು ಅಪರಿಚಿತರು. ಮೊದಲ ಕಂತು ಸಂದದ್ದು ಗೆಳೆಯನಿಗೆ. ಉಳಿದ ಕಂತುಗಳ ಲೆಕ್ಕವನ್ನು ಕೇಳಲು ಆಕೆಯಂತೂ ಬರುವಂತಿಲ್ಲ. ವಾರ್ಟ್‌ಮನ್ ಚೇತರಿಸಿಕೊಂಡು ಮತ್ತೆ ಅದೇ ಕೆಲಸಕ್ಕೆ, ಪರರ ರಕ್ತ ಪರೀಕ್ಷಿಸಲು ಕುಳಿತ.