ಮುಳುಗುವವನ ಊರು

ನೂಲ್ಪುಳದವರಾದ ನಮಗೆ ಗಡಿಯೆಂದರೆ ಕಾಡು. ಮುತ್ತಂಗದ ತಪಾಸಣಾ ಠಾಣೆಯಾಚೆ ಕರ್ನಾಟಕ, ಇನ್ನೊಂದು ಮಗ್ಗುಲಲ್ಲಿ ತಮಿಳುನಾಡು. 2009ರಲ್ಲಿ ಬಂಡೀಪುರದ ಹೆದ್ದಾರಿಯನ್ನು ರಾತ್ರಿಯ ವೇಳೆ ಮುಚ್ಚಿದಾಗಲೂ ಆಂಬುಲೆನ್ಸಿಗೆ ದಾರಿಯನ್ನು ಉಳಿಸಲಾಯಿತು; ಆ ವಿನಾಯಿತಿಯಲ್ಲಿ ರೋಗಿಯ ಊರಿನ ಮಾತಿಲ್ಲ. ಇಂಥ ವಿವೇಕವೂ ಒಮ್ಮೊಮ್ಮೆ ಮರೆತುಹೋಗುವುದುಂಟು. 2020ರ ಮಾರ್ಚಿಯಲ್ಲಿ ತಲಪಾಡಿಯ ಗಡಿ ಮುಚ್ಚಿ, ಕಾಸರಗೋಡಿನ ರೋಗಿಗಳು ಮಂಗಳೂರಿನ ಆಸ್ಪತ್ರೆಗಳನ್ನು ಸೇರಲಾರದೆ ನಿಂತುದನ್ನು ಗಡಿನಾಡ ಕನ್ನಡಿಗರು ಬಲ್ಲರು. ನೆಲದ ಮೇಲೆಯೇ ಹೀಗಾದರೆ, ಬೇಲಿಯೂ ಕಲ್ಲೂ ಇಲ್ಲದ ಕಡಲಿನಲ್ಲಿ ಕಾವಲಿಗೂ ಕರುಣೆಗೂ ಇರುವ ಸಂಬಂಧವೇನು?

ನಾವಿಕರ ಧರ್ಮವು ಬಹು ಪುರಾತನವಾದುದು. 1982ರ ಸಮುದ್ರ ಕಾನೂನಿನ ಒಡಂಬಡಿಕೆಯು ಅದನ್ನೇ ತನ್ನ 98ನೆಯ ವಿಧಿಯಲ್ಲಿ ಬರೆದಿಟ್ಟಿತು: ತನ್ನ ಹಡಗಿಗೂ ಅದರಲ್ಲಿರುವವರಿಗೂ ಘೋರ ಅಪಾಯವಿಲ್ಲದಿದ್ದರೆ, ಮುಳುಗುತ್ತಿರುವ ಯಾರಿಗೇ ಆಗಲಿ ಹಡಗಿನ ಒಡೆಯನು ನೆರವಾಗತಕ್ಕದ್ದು. ಭಾರತವೂ 1995ರಲ್ಲಿ ಇದಕ್ಕೆ ಒಪ್ಪಿಗೆಯಿತ್ತಿತು. ಆದರೆ ಹೀಗೆ ಎತ್ತಿಕೊಂಡವನನ್ನು ಯಾವ ನಾಡು ತನ್ನ ದಡಕ್ಕೆ ಬರಮಾಡಿಕೊಳ್ಳಬೇಕು ಎಂಬುದನ್ನು ಕಾನೂನು ಅಷ್ಟು ಬಿಗಿಯಾಗಿ ಹೇಳಲಿಲ್ಲ. ತೊಡಕು ಇರುವುದು ಅಲ್ಲಿಯೇ.

ಹಲವು ನಾಡುಗಳು ಕೂಡಿ ಕಾಯುವಾಗ ಈ ತೊಡಕು ಬೆಳೆಯುತ್ತದೆ. ಮಲಕ್ಕಾ ಜಲಸಂಧಿಯಲ್ಲಿ ಕಡಲ್ಗಳ್ಳರನ್ನು ತಡೆಯಲು ಇಂಡೋನೇಷ್ಯಾ, ಮಲೇಷ್ಯಾ, ಸಿಂಗಪುರಗಳು 2004ರಲ್ಲಿ ಕೂಡಿದುವು; ಥಾಯ್ಲೆಂಡು 2008ರಲ್ಲಿ ಸೇರಿತು. ಸರಕಿನ ರಕ್ಷಣೆಗೆ ಒಂದಾಗುವುದು ಸಾಧ್ಯವಾಯಿತು. 2015ರ ಮೇ ತಿಂಗಳಲ್ಲಿ ರೋಹಿಂಗ್ಯಾ ಜನರೂ ಬಂಗಾಳಿಗಳೂ ತುಂಬಿದ್ದ ದೋಣಿಗಳು ಅದೇ ನೆರೆಯ ಅಂಡಮಾನ್ ಕಡಲಿನಲ್ಲಿ ತೇಲುತ್ತಿದ್ದಾಗಲಾದರೋ, ಅನ್ನ ನೀರು ಕೊಟ್ಟು ಆಚೆಗೆ ಕಳುಹಿಸುವುದೇ ನೌಕಾಪಡೆಗಳ ಕೆಲಸವಾಯಿತು. ನೂರಾರು ಮಂದಿಯನ್ನು ದಡಕ್ಕೆ ತಂದವರು ಆಚೆಯ ಬೆಸ್ತರು. ಅವರ ಬಳಿ ನಕ್ಷೆಗಳ ಒಪ್ಪಂದವೇನೂ ಇರಲಿಲ್ಲ. ಮೇ 20ರಂದು ಇಂಡೋನೇಷ್ಯಾ ಮಲೇಷ್ಯಾಗಳು ತಾತ್ಕಾಲಿಕ ಆಶ್ರಯಕ್ಕೆ ಒಪ್ಪಿದುವು.

'ಎತ್ತಿದಷ್ಟೂ ಮತ್ತಷ್ಟು ಜನ ಬರುತ್ತಾರೆ' ಎಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. ಹೊರಟವರಿಂದ ಹಣ ಕೀಳುವ ದಲ್ಲಾಳಿಗಳು ನಿಜವಾಗಿ ಇದ್ದಾರೆ. ಇಟಲಿಯು 2013ರ ಅಕ್ಟೋಬರಿನಲ್ಲಿ ಆರಂಭಿಸಿದ ರಕ್ಷಣಾಕಾರ್ಯವು ಲಕ್ಷಕ್ಕೂ ಮಿಕ್ಕಿ ಜನರನ್ನು ಉಳಿಸಿತು. ಈ ಆಕ್ಷೇಪಕ್ಕೂ ಖರ್ಚಿಗೂ ಸೋತು ಮರುವರ್ಷವೇ ನಿಂತಿತು. ಅದರ ಬದಲಿಗೆ ಐರೋಪ್ಯ ರಾಷ್ಟ್ರಗಳು ಕೂಡಿ ನಡೆಸಿದ ಕಾವಲು ಚಿಕ್ಕದು, ಗಡಿಗೆ ಹತ್ತಿರದ್ದು. ಬರುವವರು ನಿಲ್ಲಲಿಲ್ಲ. 2015ರ ಏಪ್ರಿಲಿನ ಒಂದೇ ದುರಂತದಲ್ಲಿ ಏಳುನೂರಕ್ಕೂ ಹೆಚ್ಚು ಮಂದಿ ಮಡಿದರು. ಆಕ್ಷೇಪವು ನಿಜವೆಂದೇ ಇಟ್ಟುಕೊಳ್ಳೋಣ; ಆಗಲೂ ಒಬ್ಬನನ್ನು ಮುಳುಗಲು ಬಿಟ್ಟು ಇನ್ನೊಬ್ಬನಿಗೆ ಬುದ್ಧಿ ಕಲಿಸಿದಂತಾಗುತ್ತದೆ. ಪಾಠ ಹೇಳುವ ನಮ್ಮ ವೃತ್ತಿಯವರು ಇಂಥ ಪಾಠವನ್ನು ಒಪ್ಪಲಾರರು. ದಲ್ಲಾಳಿಗೆ ಶಿಕ್ಷೆಯಾಗಲಿ, ಬಂದವನ ವಿಚಾರಣೆಯೂ ನಡೆಯಲಿ. ವಿಚಾರಣೆಗೆ ಮನುಷ್ಯನು ಬದುಕಿರಬೇಕು.

ಇದು ದೂರದ ಮಾತಲ್ಲ. ಕೆನಡಾಕ್ಕೆ ಕಳುಹಿಸುವೆವೆಂಬ ಮಾತನ್ನು ನಂಬಿ ಮಂಗಳೂರಿಗೆ ಬಂದಿದ್ದ 38 ಮಂದಿ ಶ್ರೀಲಂಕೆಯವರು 2021ರ ಜೂನಿನಲ್ಲಿ ಸೆರೆಯಾದರು. ಅವರು ಜೀವಂತ ಸಿಕ್ಕಿದರು. 2019ರ ಜನವರಿ 12ರಂದು ನಮ್ಮದೇ ಕೇರಳದ ಮುನಂಬದಿಂದ ನೂರಕ್ಕೂ ಹೆಚ್ಚು ಜನರನ್ನು ಹೊತ್ತ ಮೀನುಗಾರಿಕೆಯ ದೋಣಿಯೊಂದು ಹೊರಟಿತು. ನ್ಯೂಜಿಲೆಂಡಿಗೆ ಹೋಯಿತೆಂದರು. ಹೆಂಗಸರೂ ಮಕ್ಕಳೂ ಅದರಲ್ಲಿದ್ದರು. ಯಾವ ನಾಡಿನ ಕಾವಲಿಗೂ ಅದು ಸಿಕ್ಕಿದ ಸುದ್ದಿ ಬರಲಿಲ್ಲ. ಮನೆಯವರು ಇನ್ನೂ ಕಾಯುತ್ತಿದ್ದಾರೆ.