ಕುಳಿಗೊಂದು ಸಸಿ

ಇಂದಿನ ಚಿಂತನೆಯ ಸರದಿ ನನ್ನದು. ಯಾವುದಾದರೂ ಸುತ್ತವನ್ನು ಓದಿಕೊಂಡು ಬರೆಯಬೇಕೆಂದಿದ್ದೆ. ಆದರೆ ವಾರದಿಂದ ತಲೆಯಲ್ಲಿ ಟೊಮೆಟೊ ಸಸಿಗಳೇ ತುಂಬಿಕೊಂಡಿವೆ. ಅದನ್ನೇ ಬರೆಯುತ್ತೇನೆ.

ಮಳೆಗಾಲದಲ್ಲಿ ತಾರಸಿಯ ಮೇಲೆ ಬೀಜ ಹಾಕಿದರೆ ಮೊಳಕೆ ನಿಲ್ಲುವುದಿಲ್ಲ, ಒಂದೇ ಜಡಿಮಳೆಗೆ ಕೊಚ್ಚಿಹೋಗುತ್ತದೆ. ಹೀಗಾಗಿ ಈ ಸಲ ಅಡುಗೆಮನೆಯ ಪೂರ್ವದ ಕಿಟಕಿಯಲ್ಲೇ ಪುಟ್ಟ ಹಸಿರುಮನೆ ಮಾಡಿದೆ. ದೊಡ್ಡ ವಿದ್ಯೆಯೇನಲ್ಲ. ಹೊರಚಾಚಿದ ಗ್ರಿಲ್ಲಿಗೆ, ಹೊಸ ಹಾಸಿಗೆಗೆ ಸುತ್ತಿ ಬಂದಿದ್ದ ಪ್ಲಾಸ್ಟಿಕ್ ಹಾಳೆಯನ್ನು ಬಟ್ಟೆ ಕ್ಲಿಪ್ಪಿನಿಂದ ಸಿಕ್ಕಿಸಿದೆ, ಅಷ್ಟೆ. ಒಳಗೆ 50 ಕುಳಿಗಳ ಪ್ರೋಟ್ರೇ, ತೆಂಗಿನ ನಾರಿನ ಪುಡಿ, ಒಂದಿಷ್ಟು ಎರೆಗೊಬ್ಬರ. ಬೀಜ ಅರ್ಕಾ ವಿಕಾಸ್, ಹೆಸರಘಟ್ಟದ ತಳಿ. ಒಂದು ಹುಟ್ಟದಿದ್ದರೆ ಇನ್ನೊಂದಾದರೂ ಹುಟ್ಟಲಿ ಎಂದು ಕುಳಿಗೆ ಎರಡೆರಡು ಹಾಕಿದ್ದೆ. ಆರನೆಯ ದಿನ ನೋಡಿದರೆ ಬಗ್ಗಿದ ಕತ್ತುಗಳು ಎದ್ದಿದ್ದವು. ಒಂದು ಹಗಲು ಹಾಳೆ ಎತ್ತಲು ಮರೆತೆ. ಒಳಗೆಲ್ಲ ಬೆವರಿ, ಮೂರು ಸಸಿಗಳು ಬುಡ ಕೊಳೆತು ಮಲಗಿಬಿಟ್ಟವು. ಕಾಪಾಡುವ ಹಾಳೆಯೇ ಉಸಿರು ಕಟ್ಟಿಸುವ ವಿಚಾರ ಇನ್ನೊಂದು ದಿನಕ್ಕಿರಲಿ.

ನಿಜವಾದ ಎಲೆ ಎರಡು ಬಂದ ಮೇಲೆ ಕುಳಿಗೊಂದೇ ಸಸಿ ಉಳಿಸಬೇಕು. ಕಿತ್ತರೆ ಪಕ್ಕದ್ದರ ಬೇರೂ ಅಲುಗುತ್ತದೆ, ಆದ್ದರಿಂದ ಸಣ್ಣದನ್ನು ಬುಡದಲ್ಲೇ ಕತ್ತರಿಸುವುದು ಕ್ರಮ. ಮೂವತ್ತೆರಡು ಕುಳಿಗಳಲ್ಲಿ ಜೋಡಿ ಇದ್ದವು. ಕತ್ತರಿ ಹಿಡಿದು ಕೂತವಳಿಗೆ ಕೈ ಬರಲಿಲ್ಲ.

ಮೊದಲ ಶೀಲದ ಮಾತು ನೆನಪಾಯಿತು ಅಂದುಕೊಳ್ಳಬೇಡಿ. ಗಿಡ ಕಡಿಯಬಾರದೆಂಬ ನಿಯಮ ವಿನಯದಲ್ಲಿರುವುದು ಭಿಕ್ಷುಗಳಿಗೆ. ಬೇರು, ಕಾಂಡ, ಗೆಣ್ಣು, ಕುಡಿ, ಬೀಜ ಎಂದು ಚಿಗುರುವ ಐದು ಬಗೆಗಳನ್ನೂ ಅಲ್ಲಿ ಎಣಿಸಿದ್ದಾರೆ. ಗೃಹಸ್ಥರಿಗೆ ಆ ನಿಯಮವಿಲ್ಲ. ಇದ್ದಿದ್ದರೆ ಭಿಕ್ಷಾಪಾತ್ರೆಗೆ ಅನ್ನ ಎಲ್ಲಿಂದ ಬೀಳಬೇಕು? ನಮ್ಮಜ್ಜಿ ರಾಗಿ ಹೊಲದಲ್ಲಿ ಒತ್ತಾದ ಪೈರನ್ನು ಹಾಡು ಹೇಳಿಕೊಂಡೇ ಕೀಳುತ್ತಿದ್ದಳು.

ನನ್ನ ಕೈ ತಡೆದದ್ದು ನನ್ನದೇ ಬಾಯಿಂದ ಬಂದ ಒಂದು ಮಾತು: "ಉಳಿದವು ಚೆನ್ನಾಗಿ ಬರಬೇಕಲ್ಲ." ಇದೇ ಮಾತನ್ನು ನಾನು ಬೇರೆ ಕಡೆ ಕೇಳಿದ್ದೆ.

ವರ್ಷಗಳ ಹಿಂದೆ ಒಂದು ಖಾಸಗಿ ಶಾಲೆಯಲ್ಲಿದ್ದೆ. ಒಂಬತ್ತನೆಯ ತರಗತಿ ಮುಗಿಯುವ ಹೊತ್ತಿಗೆ, ಹತ್ತರಲ್ಲಿ ಪಾಸಾಗುವುದು ಅನುಮಾನವಿರುವ ಮಕ್ಕಳ ಪಟ್ಟಿ ಕೊಡಿ ಎಂದರು. ಅವರಿಗೆ ಟಿ.ಸಿ. ಕೊಟ್ಟು ಕಳಿಸಿದರೆ ಫಲಿತಾಂಶ ನೂರಕ್ಕೆ ನೂರು. ಮೂರು ಹೆಸರು ಬರೆದುಕೊಟ್ಟೆ. ಅಕ್ಷರ ದುಂಡಗೆ ಬರಲೆಂದು ಎರಡನೆಯ ಸಲ ಬರೆದೆ ಎಂಬುದೂ ನೆನಪಿದೆ. ಒಬ್ಬ ಹುಡುಗನ ತಾಯಿ ಬಂದು, "ನಮ್ಮ ಹುಡುಗ ಏನ್ ತಪ್ಪು ಮಾಡಿದ ಮೇಡಂ?" ಎಂದು ಕೇಳಿದಳು. "ಅವನ ಒಳ್ಳೇದಕ್ಕೇ ಅಮ್ಮಾ" ಅಂದೆ.

ಮಗು ಬೇರೆ, ಸಸಿ ಬೇರೆ ಎಂದು ಹೇಳಿ ಇದನ್ನು ಮುಗಿಸಬಹುದು. ನಾನೂ ಹಾಗೇ ಮುಗಿಸಲು ನೋಡಿದೆ. ಆದರೆ ಎಲ್ಲಿ ಬೇರೆ? ಕುಳಿಯಲ್ಲಿ ಇಕ್ಕಟ್ಟು ನಿಜ. ಎರಡು ಬೇರುಗಳು ಒಂದು ಹಿಡಿ ಮಣ್ಣಿಗೆ ನಿಜವಾಗಿಯೂ ಹೊಡೆದಾಡುತ್ತವೆ. ಆ ಇಕ್ಕಟ್ಟನ್ನು ತಂದವಳೂ ನಾನೇ, ಎರಡು ಬೀಜ ಹಾಕಿದ್ದು ನನ್ನ ಅನುಮಾನ. ತರಗತಿಯಲ್ಲಾದರೆ ಹಿಂದಿನ ಬೆಂಚಿನ ಆ ಹುಡುಗ ಮುಂದಿನ ಬೆಂಚಿನವರ ಪಾಲಿನದೇನನ್ನೂ ಕಿತ್ತುಕೊಂಡಿರಲಿಲ್ಲ. ಅವನಿಂದ ಕಡಿಮೆಯಾಗುತ್ತಿದ್ದದ್ದು ಗೇಟಿನ ಮೇಲೆ ಕಟ್ಟುವ ಫ್ಲೆಕ್ಸಿನ ಒಂದು ಅಂಕಿ. ಜಾಗ ಸಾಲದ್ದು ಫ್ಲೆಕ್ಸಿನಲ್ಲಿ, ಬೆಂಚಿನಲ್ಲಲ್ಲ.

ಚೇತನವೇ ಕಮ್ಮ ಎಂದು ನಾವು ಓದುತ್ತೇವೆ. ನನಗೆ ಅವನ ಮೇಲೆ ದ್ವೇಷವಿರಲಿಲ್ಲ ಎಂದು ಬಹಳ ಕಾಲ ಇದೇ ಮಾತಿನ ಹಿಂದೆ ಅವಿತುಕೊಂಡಿದ್ದೆ. ದ್ವೇಷ ಇರಲಿಲ್ಲ, ನಿಜ. ಕೆಲಸ ಹೋದೀತೆಂಬ ಭಯ ಇತ್ತು. ಎಲ್ಲರೂ ಬರೆಯುತ್ತಿದ್ದಾರೆಂಬ ಮಂಪರು ಇತ್ತು. ಅಕುಶಲದ ಮೂಲಗಳಲ್ಲಿ ಮೋಹವೂ ಒಂದು ಎಂಬುದನ್ನು ಗುಂಪಿನಲ್ಲಿ ಪಾಠ ಹೇಳಿದವಳೂ ನಾನೇ!

ಆ ಸಂಜೆ ಇಪ್ಪತ್ತು ಸಸಿಗಳನ್ನು ಕತ್ತರಿಸಿದೆ. ಅದಕ್ಕೆ ಬೇಸರವಿಲ್ಲ, ನನಗೆ ಬೇಕಿದ್ದದ್ದು ಟೊಮೆಟೊ. ಹನ್ನೆರಡನ್ನು ಮಾತ್ರ, ಚೆನ್ನಾಗಿ ನೀರುಣಿಸಿ, ಚಮಚದ ಹಿಡಿಯಿಂದ ಬೇರುಸಮೇತ ಎಬ್ಬಿಸಿ, ಹಾಲಿನ ಪ್ಯಾಕೆಟ್ಟುಗಳಲ್ಲಿ ನೆಟ್ಟೆ. ನಾಲ್ಕು ಬಾಡಿದವು. ಎಂಟು ಇವೆ, ಎದುರುಮನೆಯವರಿಗೂ ಎರಡು ಕೊಡುವಷ್ಟು.

ಹಳೆಯ ಡೈರಿಯಲ್ಲಿ ಆ ತಾಯಿಯ ನಂಬರ್ ಸಿಕ್ಕಿತು. ನಿನ್ನೆ ರಾತ್ರಿ ಊಟವಾದ ಮೇಲೆ ಮಾಡಿದೆ. ಪೂರ್ತಿ ರಿಂಗಾಯಿತು, ಯಾರೂ ಎತ್ತಲಿಲ್ಲ. ನಂಬರ್ ಈಗ ಬೇರೆ ಯಾರದೋ ಇರಬಹುದು. ಇವತ್ತು ಶಾಲೆ ಬಿಟ್ಟ ಮೇಲೆ ಇನ್ನೊಮ್ಮೆ ಮಾಡುತ್ತೇನೆ.