ಅವ್ವ ಎಷ್ಟು ಉಣ್ಣುತ್ತಿದ್ದಳು?

ಹೋದ ವರ್ಷ ನಮ್ಮ ವಿಭಾಗದ ವಾರದ ಸೆಮಿನಾರಿನಲ್ಲಿ ಒಂದು ಪ್ರಬಂಧ ಓದಿದೆ. ವಿಷಯ ಮಿತವ್ಯಯ. ತತ್ವಶಾಸ್ತ್ರದ ಪುಸ್ತಕಗಳಲ್ಲಿ ಮಿತವ್ಯಯವನ್ನು ಸದ್ಗುಣಗಳ ಸಾಲಿಗೆ ಸೇರಿಸಿದವರು ಬೇಕಾದಷ್ಟು ಜನ ಇದ್ದಾರೆ. ಆದರೆ ನಾನು ಓದಿದವರು ಕೊಡುವ ಉದಾಹರಣೆಗಳು ಬಹುಪಾಲು ದುಡ್ಡಿನವು. ನಾನು ಅಡುಗೆಮನೆಯಿಂದ ಉದಾಹರಣೆ ಕೊಡೋಣ ಅಂತ ಹೊರಟೆ. ಗುಬ್ಬಿ ತಾಲ್ಲೂಕಿನ ನಮ್ಮ ಮನೆಯ ಬಸ್ಸಾರು, ತಂಗಳು, ಹುರುಳಿ ಕಟ್ಟು ಎಲ್ಲವೂ ಅದರಲ್ಲಿ ಬಂದವು. ಎರಡೂವರೆ ಎಕರೆ ಖುಷ್ಕಿ, ಒಂದಷ್ಟು ತೆಂಗು, ಎರಡು ಹಸು. ಇಷ್ಟರಲ್ಲಿ ಐದು ಜನರ ಮನೆಯನ್ನು ಅವ್ವ ಹೇಗೆ ತೂಗಿಸಿದಳು ಅಂತ ಚೆನ್ನಾಗಿಯೇ ಬರೆದಿದ್ದೆ. ಲೆಕ್ಕವನ್ನೂ ಕೊಟ್ಟಿದ್ದೆ: ರಾತ್ರಿಗೆ 7 ಮುದ್ದೆ, ಅಪ್ಪನಿಗೆ 2, ಅಜ್ಜಿಗೆ 1, ನನಗೆ 1, ತಮ್ಮನಿಗೆ ಒಂದೂವರೆ, ಬೆಳಗಿನ ತಂಗಳಿಗೆ ಎತ್ತಿಟ್ಟದ್ದು 1.

ಓದು ಮುಗಿದ ಮೇಲೆ ಎಂ.ಎ. ಮೊದಲ ವರ್ಷದ ಹುಡುಗಿಯೊಬ್ಬಳು ಕೈ ಎತ್ತಿದಳು. "ಅಕ್ಕಾ, ನಿಮ್ಮಮ್ಮ ಎಷ್ಟು ಉಣ್ತಿದ್ರು?"

ನನಗೆ ಗೊತ್ತಿರಲಿಲ್ಲ. ಲೆಕ್ಕದಲ್ಲಿ ಅರ್ಧ ಮುದ್ದೆ ಉಳಿಯುತ್ತದೆ, ಅದು ಆ ಕ್ಷಣದವರೆಗೆ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಮನೆಯಲ್ಲಿ ಯಾರ ತಟ್ಟೆ ಯಾವುದು, ತಮ್ಮ ಸಾರಿನಿಂದ ಯಾವ ಕಾಳನ್ನು ಆರಿಸಿ ಪಕ್ಕಕ್ಕಿಡುತ್ತಿದ್ದ ಎಂಬುದೆಲ್ಲ ನೆನಪಿದೆ. ಅವ್ವ ಉಣ್ಣುತ್ತಾ ಕೂತಿದ್ದ ಚಿತ್ರ ಮಾತ್ರ ಇಲ್ಲ. ಅವಳು ಉಣ್ಣುವ ಹೊತ್ತಿಗೆ ನಾವು ಮಲಗಿರುತ್ತಿದ್ದೆವು, ಇಲ್ಲವೇ ಟಿವಿ ಮುಂದೆ ಇರುತ್ತಿದ್ದೆವು. ಸಭೆಗೆ ಏನೋ ಒಂದು ಉತ್ತರ ಕೊಟ್ಟು ಕೂತೆ. ಆ ಪ್ರಬಂಧವನ್ನು ಇವತ್ತಿಗೂ ಎಲ್ಲಿಗೂ ಕಳಿಸಿಲ್ಲ.

ಬಸ್ಸಾರಿನ ಬಗ್ಗೆ ನಾನು ಬರೆದದ್ದನ್ನು ಈಗಲೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಹೊಲದ ಬದುವಿನಿಂದ ಅಣ್ಣೆ, ಕಿರಕೀರೆ, ಗೋಣಿ, ಹೊನಗೊನ್ನೆ ಕಿತ್ತು ತಂದರೆ ಅದು ಬೆರಕೆ ಸೊಪ್ಪು. ಅದಕ್ಕೆ ಕಾಸು ಕೊಡಬೇಕಾಗಿಲ್ಲ. ಒಂದು ಹಿಡಿ ತೊಗರಿಬೇಳೆಯೋ ಅಲಸಂದೆಯೋ, ಹಲಸಿನ ಕಾಲದಲ್ಲಾದರೆ ನಾಲ್ಕು ಹಲಸಿನ ಬೀಜವೋ ಹಾಕಿ ಬೇಯಿಸಿ, ನೀರು ಬಸಿಯಬೇಕು. ಬಸಿದ ಕಟ್ಟಿಗೆ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಜೀರಿಗೆ, ಹುಣಸೆಹುಳಿ, ಚೂರು ಕಾಯಿ ಸೇರಿಸಿ ರುಬ್ಬಿದ ಖಾರ. ರುಬ್ಬುವಾಗ ಬೆಂದ ಕಾಳುಸೊಪ್ಪನ್ನೂ ಒಂದು ಹಿಡಿ ಹಾಕಿದರೆ ಸಾರಿಗೆ ಮಂದ ಬರುತ್ತದೆ. ಬಸಿದು ಉಳಿದ ಸೊಪ್ಪು, ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಒಲೆ, ಒಂದೇ ಕುದಿ, ಎರಡು ಪದಾರ್ಥ. ಸೊಪ್ಪಿನ ಸಾರವೆಲ್ಲ ಇಳಿದ ನೀರನ್ನು ಚೆಲ್ಲುವ ಅಡುಗೆಗಳು ಎಷ್ಟೋ ಇವೆ; ನಮ್ಮ ಸೀಮೆಯ ಹೆಂಗಸರು ಅದನ್ನೇ ಊಟದ ನಡುಮಧ್ಯಕ್ಕೆ ತಂದಿಟ್ಟರು. ಹುರುಳಿಯದ್ದೂ ಹಾಗೆಯೇ. ಅಜ್ಜಿಯ ಕಾಲದಲ್ಲಿ ಎತ್ತುಗಳಿಗೆಂದು ಹುರುಳಿ ಬೇಯಿಸುತ್ತಿದ್ದರು. ಕಾಳು ಎತ್ತಿಗೆ, ಬಸಿದ ಕಟ್ಟು ಮನುಷ್ಯರ ಸಾರಿಗೆ. ರಾತ್ರಿಯ ಹಿಟ್ಟು ಉಳಿದರೆ ಬೆಳಗ್ಗೆ ಮಜ್ಜಿಗೆಗೆ ಕಿವುಚಿ, ಉಪ್ಪು ಹಾಕಿ, ಈರುಳ್ಳಿ ಕಚ್ಚಿಕೊಂಡು ಕುಡಿದು ಹೊಲಕ್ಕೆ ಹೋಗುವುದು. ಅವರೆಕಾಯಿ ಕಾಲದಲ್ಲಿ ಸುಲಿದ ಸಿಪ್ಪೆ ಹಸುವಿಗೆ, ಹಿತುಕಿದ ಬೇಳೆ ನಮಗೆ. ಇದರಲ್ಲೆಲ್ಲ ಯಾರಿಗೂ ಏನೂ ಕಮ್ಮಿಯಾಗುವುದಿಲ್ಲ. ಇದ್ದದ್ದು ಎರಡು ಸಲ ಕೆಲಸಕ್ಕೆ ಬರುತ್ತದೆ, ಅಷ್ಟೆ.

ಆದರೆ ಅರ್ಧ ಮುದ್ದೆಯ ಲೆಕ್ಕ ಬೇರೆ ಜಾತಿಯದು. ಅಲ್ಲಿ ಒಬ್ಬರ ಹೊಟ್ಟೆಯಿಂದ ಕಳೆದು ಉಳಿದವರ ತಟ್ಟೆಗೆ ಕೂಡಿಸಲಾಗಿದೆ. ನನ್ನ ಪ್ರಬಂಧದ ತಪ್ಪು ಇದ್ದದ್ದು ಇಲ್ಲಿ: ಎರಡಕ್ಕೂ 'ಮನೆ ತೂಗಿಸುವುದು' ಎಂಬ ಒಂದೇ ಮಾತನ್ನು ಬಳಸಿದ್ದೆ. ನಮ್ಮ ಭಾಷೆಯೂ ಹಾಗೆಯೇ ಬಳಸುತ್ತದೆ. ತೂಗಬೇಕಾದರೆ ತಕ್ಕಡಿಗೆ ಎರಡು ತಟ್ಟೆ ಬೇಕು, ಇನ್ನೊಂದರಲ್ಲಿ ಏನಿದೆ ಅಂತ ಯಾರೂ ಬಗ್ಗಿ ನೋಡುವುದಿಲ್ಲ.

ಆವತ್ತು ರಾತ್ರಿಯೇ ಅವ್ವನಿಗೆ ಫೋನು ಮಾಡಿದೆ. ಬಸ್ಸಾರಿನ ಮೇಲೆ ಪ್ರಬಂಧ ಓದಿದೆ ಅಂದಾಗ ನಕ್ಕಳು. "ಅದ್ರಾಗೆ ಓದಕ್ಕೆ ಏನೈತೆ? ಬೇಳೆ ಕಮ್ಮಿ ಇರ್ತಿತ್ತು, ನೀರು ಜಾಸ್ತಿ ಇಡ್ತಿದ್ದೆ." ಆಮೇಲೆ ಕೇಳಿದೆ, ನೀನು ಎಷ್ಟು ಉಣ್ತಿದ್ದೆ ಅಂತ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಾಕೆ, ನಾನೇನು ಉಪಾಸ ಬಿದ್ದಿದ್ನಾ? ನಂಗೆ ಜಾಸ್ತಿ ಸೇರ್ತಿರ್ಲಿಲ್ಲ ಕಣವ್ವ," ಅಂದಳು. ದನಿಯಲ್ಲಿ ಸಿಟ್ಟಿತ್ತು. ನನ್ನ ಮರುಕ ಅವಳಿಗೆ ಬೇಕಾಗಿರಲಿಲ್ಲ.

'ಸೇರ್ತಿರ್ಲಿಲ್ಲ' ಎಂಬ ಮಾತಿನ ಹಿಂದೆ ನಾನು ಬಹಳ ದಿನ ಅಲೆದೆ. ನಮ್ಮ ಓದಿನಲ್ಲಿ ಇದಕ್ಕೆ ಸಿದ್ಧ ಉತ್ತರವೊಂದಿದೆ. ಯಾನ್ ಎಲ್ಸ್ಟರ್ 1983ರಲ್ಲಿ ಬರೆದ ಪುಸ್ತಕದ ಹೆಸರೇ 'ಹುಳಿ ದ್ರಾಕ್ಷಿ'. ಎಟುಕದ ದ್ರಾಕ್ಷಿಯನ್ನು ಹುಳಿ ಎಂದುಕೊಳ್ಳುವ ನರಿಯ ಹಾಗೆ ಮನುಷ್ಯರ ಆಸೆಗಳೂ ಸಿಗುವಷ್ಟಕ್ಕೆ ಕುಗ್ಗಿಕೊಳ್ಳುತ್ತವೆ ಎಂಬುದು ಅದರ ವಾದ. ಅಮರ್ತ್ಯ ಸೇನ್ ಕೂಡ ಇದೇ ಜಾಡಿನಲ್ಲಿ, ಬಹುಕಾಲ ಇಲ್ಲದೆ ಬದುಕಿದವರು ತಮಗೆ ಏನೂ ಕಮ್ಮಿಯಿಲ್ಲ ಎಂದು ಹೇಳಿದರೆ ಅದನ್ನು ಅವರ ಕ್ಷೇಮದ ಅಳತೆಯಾಗಿ ಹಿಡಿಯಬಾರದು ಎಂದರು. ಇದು ತುಂಬ ಮುಖ್ಯವಾದ ಮಾತು, ನಾನೇ ಜೂನಿಯರುಗಳಿಗೆ ಪಾಠ ಮಾಡಿದ್ದೇನೆ. ಆದರೆ ಅವ್ವನ ಮೇಲೆ ಇಟ್ಟು ನೋಡಿದಾಗ ಅಳತೆ ಸರಿಹೋಗಲಿಲ್ಲ.

ತುಪ್ಪವನ್ನೇ ತೆಗೆದುಕೊಳ್ಳಿ. ಹಾಲು ಬೆಳಗ್ಗೆ, ಸಂಜೆ ಡೈರಿಗೆ ಹೋಗುತ್ತಿತ್ತು. ಮನೆಗೆ ಉಳಿಯುತ್ತಿದ್ದದ್ದು ಕಾಫಿಗೆ, ಮಜ್ಜಿಗೆಗೆ ಆಗುವಷ್ಟು. ಆ ಮಜ್ಜಿಗೆ ಕಡೆದು ಬಂದ ಬೆಣ್ಣೆ ಕಾಸಿದರೆ ತಿಂಗಳಿಗೆ ಒಂದು ಸಣ್ಣ ಬಾಟಲಿ ತುಪ್ಪ. ಅದು ತಮ್ಮನ ಮುದ್ದೆಗೆ ದಿನಾ, ನನ್ನ ಮುದ್ದೆಗೆ ಆಗಾಗ, ಅಜ್ಜಿಗೆ ಕೇಳಿದಾಗ. ಅವ್ವ "ನಂಗೆ ತುಪ್ಪದ ವಾಸ್ನೆ ಆಗಲ್ಲ" ಅನ್ನುತ್ತಿದ್ದಳು. ಅದೇ ಅವ್ವ ತವರಿನ ಮದುವೆಗಳಲ್ಲಿ ಹೋಳಿಗೆಯ ಮೇಲೆ ತುಪ್ಪ ಹಾಕಿಸಿಕೊಂಡು ತಿನ್ನುವುದನ್ನು ನಾನು ನೋಡಿದ್ದೇನೆ. ನರಿ ತನ್ನ ಮಾತನ್ನು ತಾನೇ ನಂಬಿತು. ಅವ್ವ ನಂಬಿರಲಿಲ್ಲ. ದ್ರಾಕ್ಷಿ ಸಿಹಿ ಅಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು, ಗೊತ್ತಿದ್ದರಿಂದಲೇ ಮಗನಿಗೆ ಹಾಕುತ್ತಿದ್ದಳು. ಅವಳು ಹೇಳಿದ್ದು ಸುಳ್ಳು, ಲೆಕ್ಕ ಹಾಕಿ ಹೇಳಿದ ಸುಳ್ಳು. ಹಾಗಾಗಿ ಅವಳನ್ನು ಮೋಸಹೋದವಳು ಎನ್ನಲು ಬರುವುದಿಲ್ಲ. ತಾನು ಏನು ಬಿಡುತ್ತಿದ್ದೇನೆ, ಯಾರಿಗೆ ಬಿಡುತ್ತಿದ್ದೇನೆ ಎರಡೂ ತಿಳಿದು ಮಾಡಿದ ಕೆಲಸ ಅದು.

ಇಷ್ಟಕ್ಕೆ ನಿಲ್ಲಿಸಿ, ಹಾಗಾದರೆ ಇದು ಶುದ್ಧ ತ್ಯಾಗ, ನಮಸ್ಕಾರ ಹೊಡೆಯೋಣ ಅನ್ನಬಹುದು. ತಾಯಂದಿರ ದಿನದ ಬರಹಗಳು ಅಲ್ಲಿಗೇ ನಿಲ್ಲುತ್ತವೆ. ಆದರೆ ಸುಳ್ಳು ಒಬ್ಬರಿಂದಲೇ ನಡೆಯುವುದಿಲ್ಲ, ನಂಬುವವರೂ ಬೇಕು. ಇಪ್ಪತ್ತು ವರ್ಷ ದಿನಕ್ಕೆರಡು ಹೊತ್ತು "ನಂದಾಯ್ತು", "ನಂಗೆ ಸೇರಲ್ಲ", "ಹೊಟ್ಟೆ ಭಾರ" ಎಂಬ ಮಾತುಗಳನ್ನು ನಾವು ನಾಲ್ಕು ಜನ ನಂಬಿದೆವು. ಪರೀಕ್ಷೆ ಮಾಡುವುದು ಕಷ್ಟವೇನೂ ಇರಲಿಲ್ಲ, ಎದ್ದು ಹೋಗಿ ಪಾತ್ರೆಯ ಮುಚ್ಚಳ ತೆಗೆದಿದ್ದರೆ ಸಾಕಿತ್ತು. ನಾನು ಚಿಕ್ಕವಳಿದ್ದಾಗ ಹಿಟ್ಟಿನ ಪಾತ್ರೆಯ ತಳದ ಸೀಕಲು ಕೆರೆದು ತಿನ್ನಲು ಅಡುಗೆಮನೆಗೆ ಹೋಗುತ್ತಿದ್ದೆ. ಪಾತ್ರೆಯೊಳಗೆ ಕೈ ಹಾಕಿದ್ದೇನೆ, ಖಾಲಿ ಇದೆ ಅಂತ ನೋಡಿದ್ದೇನೆ. ಅವ್ವ ಆಮೇಲೆ ಏನು ಉಣ್ಣುತ್ತಾಳೆ ಅಂತ ಕೇಳಿದ ನೆನಪಿಲ್ಲ. ಮಗುವಿನ ಅಜ್ಞಾನ ಎಂದು ಬಿಡಬಹುದು. ಆದರೆ 16, 18, 20 ವರ್ಷದಲ್ಲೂ ಕೇಳಲಿಲ್ಲ, ಕೇಳದಿರುವುದು ಅನುಕೂಲವಾಗಿತ್ತು.

ನಾಲ್ಕು ವರ್ಷದ ಹಿಂದೆ ಹಾಲು ಕರೆಯುವಾಗ ಅವ್ವ ತಲೆ ತಿರುಗಿ ಬಿದ್ದಳು. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 7 ಬಂತು. ಡಾಕ್ಟರು "ಹೊತ್ತಿಗೆ ಸರಿಯಾಗಿ ಊಟ ಮಾಡ್ತೀರೇನಮ್ಮಾ?" ಎಂದು ಕೇಳಿದಾಗ ಅವ್ವ "ಮಾಡ್ತೀನಿ ಸಾರ್, ಏನ್ ಕಮ್ಮಿ" ಅಂದಳು. ಪಕ್ಕದಲ್ಲಿ ನಿಂತಿದ್ದ ನಾನೂ ತಲೆಯಾಡಿಸಿದೆ. ರಕ್ತ ಕಮ್ಮಿಯಾಗಲು ನೂರೆಂಟು ಕಾರಣ ಇರುತ್ತವೆ, ಎಲ್ಲವನ್ನೂ ಅರ್ಧ ಮುದ್ದೆಯ ಮೇಲೆ ಹೊರಿಸಲಾಗದು. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಜನರಿಗೆ ರಕ್ತಹೀನತೆ ಇದೆ. ಆ ಅಂಕಿಯನ್ನು ನನ್ನ ಪ್ರಬಂಧದ ಅಡಿಟಿಪ್ಪಣಿಯೊಂದರಲ್ಲಿ ನಾನೇ ಕೊಟ್ಟಿದ್ದೆ, ಅವ್ವನ ಹೆಸರು ಬಂದ ಪುಟದಲ್ಲೇ.

ಕನಕದಾಸರ 'ರಾಮಧಾನ್ಯ ಚರಿತ್ರೆ' ನಮ್ಮ ಕಡೆಯ ರಾಗಿ ತಿನ್ನುವವರಿಗೆಲ್ಲ ಹೆಮ್ಮೆಯ ಕತೆ. ಅಕ್ಕಿ, ರಾಗಿ ಎರಡೂ ತಾನು ಮೇಲು ತಾನು ಮೇಲು ಅಂತ ಜಗಳಕ್ಕೆ ಬೀಳುತ್ತವೆ. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಹೊರಗೆ ಬಂದಾಗ ಅಕ್ಕಿ ಕೆಟ್ಟಿರುತ್ತದೆ, ರಾಗಿ ಗಟ್ಟಿಯಾಗಿರುತ್ತದೆ, ರಾಗಿ ಗೆಲ್ಲುತ್ತದೆ. ಬಡವರ ಧಾನ್ಯಕ್ಕೆ ಸಿಕ್ಕ ಗೌರವ ಅಂತ ನಾವು ಓದುತ್ತೇವೆ, ಅದು ಸರಿಯಾದ ಓದೇ. ನಮ್ಮೂರ ಕಡೆ ಹಿಂದೆ ಹಗೇವಿನಲ್ಲಿ ರಾಗಿ ವರ್ಷಗಟ್ಟಲೆ ಇರುತ್ತಿತ್ತು ಎಂಬುದನ್ನು ಬಲ್ಲವರಿಗೆ ಕತೆ ಇನ್ನೂ ಹತ್ತಿರವಾಗುತ್ತದೆ. ಈಗ ಮಾತ್ರ ಅದನ್ನು ಓದುವಾಗ ನನಗೆ ಇನ್ನೊಂದು ಅನುಮಾನ ಬರುತ್ತದೆ. ರಾಗಿಗೆ ಮಾನ ಸಿಕ್ಕಿದ್ದು ಸೆರೆಯಲ್ಲಿ ಕೆಡದೆ ಉಳಿದದ್ದಕ್ಕೆ. ತಡೆದುಕೊಂಡವರನ್ನು ಮೆಚ್ಚುವ ಭರದಲ್ಲಿ ಸೆರೆಯ ಬಾಗಿಲು ಹಾಕಿದ ಕೈಯ ಕಡೆ ನಮ್ಮ ಗಮನ ಹೋಗುವುದಿಲ್ಲ. (ಕನಕದಾಸರಿಗೆ ಇದು ಗೊತ್ತಿರಲಿಲ್ಲ ಅಂತಲ್ಲ. ಗೊತ್ತಿರಬೇಕಾಗಿದ್ದದ್ದು ನನಗೆ.)

2013ರ ಜುಲೈಯಲ್ಲಿ ಅನ್ನಭಾಗ್ಯ ಬಂದ ಮೇಲೆ ನಮ್ಮ ಮನೆಯಲ್ಲಿ ಹಬ್ಬದ ಅನ್ನ ದಿನದ ಅನ್ನವಾಯಿತು. ಮಿತವ್ಯಯವನ್ನು ಹೊಗಳುವ ಕೆಲವರು ಆಗ ಜನ ಸೋಮಾರಿಗಳಾಗುತ್ತಾರೆ ಅಂತ ಬರೆದರು. ಅಂಥವರ ಜೊತೆ ನನಗೆ ಜಾಸ್ತಿ ಮಾತಿಲ್ಲ. ಅಳತೆ ಮಾಡದೆ ಅಕ್ಕಿ ಹಾಕಬಹುದಾದ ದಿನ ಬಂದಾಗ ಅವ್ವನ ಕೈ ಸೇರಿನ ಮೇಲೆ ಹೇಗೆ ಸಡಿಲವಾಯಿತು ಎಂಬುದನ್ನು ಅವರು ನೋಡಿಲ್ಲ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಎಂದಿತು. ಈಗ ಬೆಂಗಳೂರಿನಲ್ಲಿ ಮುದ್ದೆ ಬಸ್ಸಾರು ತಿನ್ನಲು ಸರದಿಯಲ್ಲಿ ನಿಲ್ಲುತ್ತಾರೆ, ನಾನೂ ನಿಂತಿದ್ದೇನೆ. ಊರಿಂದ ದೂರ ಇರುವವರಿಗೆ ಆ ತಟ್ಟೆ ಕೊಡುವ ನೆಮ್ಮದಿ ಸುಳ್ಳಲ್ಲ. ಒಳ್ಳೆಯ ಊಟವಾದ ಮೇಲೆ ಬಡಿಸಿದವಳಿಗೆ "ನಿನ್ನ ಹೊಟ್ಟೆ ತಣ್ಣಗಿರಲಿ" ಎನ್ನುವುದು ನಮ್ಮ ಕಡೆಯ ವಾಡಿಕೆ. ಉಂಡವರು ಹರಸುವುದು ಉಣಿಸಿದವಳ ಹೊಟ್ಟೆಯನ್ನು. ಅಜ್ಜಿ ಅವ್ವನಿಗೆ ಇದನ್ನು ಎಷ್ಟು ಸಲ ಹೇಳಿರಬಹುದೋ.

ಇನ್ನು ನನ್ನ ಪಾಲು. ಹಾಲಿನ ಬಟವಾಡೆ ದುಡ್ಡು ನನ್ನ ಹಾಸ್ಟೆಲಿಗೆ ಬರುತ್ತಿತ್ತು. ಒಳ್ಳೆಯ ಕಾಯಿ ಸಂತೆಗೆ, ಗಿಡುಗ ಕಾಯಿ ಸಾರಿಗೆ, ಮೊಟ್ಟೆ ಅಂಗಡಿಗೆ. ಹಾಗೆ ಉಳಿದದ್ದರಿಂದಲೇ ಮಿತವ್ಯಯದ ಮೇಲೆ ಪ್ರಬಂಧ ಬರೆಯುವಷ್ಟು ಓದಿದ್ದೇನೆ. ಅವ್ವ ಕೊಟ್ಟದ್ದನ್ನು ತಪ್ಪು ಅಂದರೆ ನಾನು ನಿಂತ ನೆಲವನ್ನೇ ತಪ್ಪು ಅನ್ನಬೇಕಾಗುತ್ತದೆ. ಸರಿ ಅನ್ನುವುದಕ್ಕೂ ಬಾಯಿ ಬರುವುದಿಲ್ಲ, ಅದಕ್ಕೆ ಕಾರಣ ನಮ್ಮ ತಮ್ಮನ ಹೆಂಡತಿ.

ಅವಳು ಮನೆಗೆ ಬಂದು ಮೂರು ವರ್ಷ. ಈಗ ಮನೆಯಲ್ಲಿ ಊಟಕ್ಕೆ ಕೊರತೆಯಿಲ್ಲ, ಹಾಲನ್ನೂ ಒಂದು ಲೀಟರ್ ಉಳಿಸಿಕೊಳ್ಳುತ್ತಾರೆ. ಆದರೆ ಪಂಕ್ತಿ ಹಳೆಯದೇ. ಅಪ್ಪ, ತಮ್ಮ ಮೊದಲು. ನಾನು ಹೋದರೆ ನನಗೂ ಅವರ ಜೊತೆಯೇ ತಟ್ಟೆ, ಪಿಎಚ್‌.ಡಿ. ಮಾಡುವವಳು ಈಗ ನೆಂಟಳಾಗಿದ್ದಾಳೆ. ಆಮೇಲೆ ಅವ್ವ ಮತ್ತು ಅವಳು. ಅವ್ವ ತಾನೇ ತಿಳಿದು ಬಿಟ್ಟದ್ದು ಅವಳ ಔದಾರ್ಯವಿರಬಹುದು. ಅದನ್ನು ಸೊಸೆಯ ಕೈಲಿ ಮಾಡಿಸಿದಾಗ ಅದಕ್ಕೆ ಔದಾರ್ಯ ಎಂಬ ಹೆಸರು ಹೊಂದುವುದಿಲ್ಲ. ಬೇರೆಯವರ ಪಾಲನ್ನು ತೆಗೆದು ದಾನ ಮಾಡಲು ಬರುವುದಿಲ್ಲವಲ್ಲ. ಇದನ್ನು ಅವ್ವನಿಗೆ ಹೇಳಿದೆ, ಜಗಳವೂ ಆಯಿತು. "ನಾನು ಬಂದಾಗ ನಿಮ್ಮಜ್ಜಿ ಹೆಂಗೆ ನೋಡ್ಕಂಡ್ಳೋ ಅದಕ್ಕಿಂತ ಚೆನ್ನಾಗೇ ನೋಡ್ಕಂತಿದೀನಿ," ಅಂದಳು. ಅದೂ ನಿಜ.

ಈ ಸಲ ಸಂಕ್ರಾಂತಿಗೆ ಹೋದಾಗ ಗಂಡಸರ ಜೊತೆ ಕೂರಲಿಲ್ಲ. ಹಿತುಕಿದ ಬೇಳೆ ಸಾರು, ಮುದ್ದೆ. "ಹಿಟ್ಟು ಆರೋಗ್ತದೆ, ಉಣ್ಣು," ಅಂತ ಅವ್ವ ಎರಡು ಸಲ ಗದರಿದಳು. ಮೂರನೇ ಸಲ ಗದರಲಿಲ್ಲ. ಅಡುಗೆಮನೆಯಲ್ಲಿ ಮೂವರೂ ಕೂತೆವು. ತಮ್ಮನ ಹೆಂಡತಿ ಅಭ್ಯಾಸಬಲದಿಂದ ನನಗೆ ಮೊದಲು ಬಡಿಸಿದಳು, ಸಾರಿನಲ್ಲಿ ಬೇಳೆಯನ್ನು ತಡಕಿ ತಡಕಿ ನನ್ನ ತಟ್ಟೆಗೇ ಹಾಕಿದಳು. ಸೌಟನ್ನು ಅವಳ ಕೈಯಿಂದ ತಗೊಂಡೆ. ಸಾರು ತಳಕ್ಕೆ ಬಂದಿತ್ತು, ನೀರೇ ಜಾಸ್ತಿ. ಅವ್ವ ನಮ್ಮಿಬ್ಬರನ್ನೂ ನೋಡದೆ ಗೋಡೆ ಕಡೆ ತಿರುಗಿ, ಬೇಗ ಬೇಗ ಉಂಡಳು. ಯಾರಾದರೂ ಕರೆಯುತ್ತಾರೆ, ಏಳಬೇಕಾಗುತ್ತದೆ ಎಂಬಂಥ ಅವಸರ.

ಒಂದೂಕಾಲು ಮುದ್ದೆ ಉಂಡಳು. ಉಳಿದ ಮುಕ್ಕಾಲನ್ನು ತಂಗಳಿಗೆ ಅಂತ ಎತ್ತಿಟ್ಟಳು.